ಕನ್ನಂಬಾಡಿಗಿಂತ ಮೊದಲಿನ ಕಟ್ಟೆಗಳು: ಕಾವೇರಿ ಬಯಲಿನ ಚರಿತ್ರೆ ಕುರಿತು ಒಂದು ಚರ್ಚೆ

ಶ್ರೀರಂಗಪಟ್ಟಣದ ಮೇಷ್ಟ್ರು

ಕನ್ನಂಬಾಡಿ ಕಟ್ಟೆಗೆ, ಅಂದರೆ ಕೃಷ್ಣರಾಜಸಾಗರ (ಕೆ.ಆರ್.ಎಸ್.) ಅಣೆಕಟ್ಟೆಗೆ, ಮೊದಲ ಕಲ್ಲು ಹಾಕಿದವರು ಯಾರು ಎಂಬ ವಾದ ನಮ್ಮ ಸೀಮೆಯಲ್ಲಿ ಆಗಾಗ ಎದ್ದೇ ಏಳುತ್ತದೆ. ಒಬ್ಬರು ಟಿಪ್ಪು ಸುಲ್ತಾನನ ಪಾರಸಿ ಶಾಸನವನ್ನು ಮುಂದಿಟ್ಟರೆ, ಇನ್ನೊಬ್ಬರು ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳುತ್ತಾರೆ. ವಾದ ತಣ್ಣಗಾಗುವ ಹೊತ್ತಿಗೆ ಹೊಳೆಯ ಬಗ್ಗೆ ಯಾರೂ ಒಂದು ಹೊಸ ಸಂಗತಿಯನ್ನು ತಿಳಿದುಕೊಂಡಿರುವುದಿಲ್ಲ. ಈ ಚರ್ಚೆಯನ್ನು ನಾನು ಬೇರೆ ಉದ್ದೇಶದಿಂದ ಆರಂಭಿಸುತ್ತಿದ್ದೇನೆ. ಕಾವೇರಿಗೆ ಕಟ್ಟೆ ಹಾಕುವ ಕೆಲಸ 1911ರಲ್ಲಿ ಆರಂಭವಾದದ್ದಲ್ಲ, ಟಿಪ್ಪುವಿನ ಕಾಲದಲ್ಲಿ ಆರಂಭವಾದದ್ದೂ ಅಲ್ಲ. ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆ ವಿಜಯನಗರದ ಆರಂಭಕಾಲಕ್ಕೆ, ಅಂದರೆ 14ನೇ ಶತಮಾನಕ್ಕೆ ಸೇರಿದ್ದು. ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯದು. ಆ ದೊರೆ ಪಟ್ಟದಲ್ಲಿದ್ದದ್ದು 1638ರಿಂದ 1659ರವರೆಗೆ. ಚಿಕ್ಕದೇವರಾಯಸಾಗರ ನಾಲೆಯ ಹೆಸರಿನಲ್ಲಿಯೇ ಅದರ ದೊರೆಯ ಹೆಸರಿದೆ. ಆತನ ಕಾಲ 1673ರಿಂದ 1704.

ಇವು ಪಾಳುಬಿದ್ದ ಸ್ಮಾರಕಗಳಲ್ಲ. ಮಡದಕಟ್ಟೆಯಿಂದ ಹೊರಟ ಚಿಕ್ಕದೇವರಾಯಸಾಗರ ನಾಲೆ, ಬಲಮುರಿ ಕಟ್ಟೆಯಿಂದ ಹೊರಟ ವಿರಿಜಾ ನಾಲೆ, ಬನ್ನೂರು ಮತ್ತು ನರಸೀಪುರದ ಕಡೆಯ ರಾಮಸ್ವಾಮಿ, ರಾಜಪರಮೇಶ್ವರಿ ನಾಲೆಗಳು ಇಂದಿಗೂ ಗದ್ದೆಗೆ ನೀರು ಕೊಡುತ್ತಿವೆ. ಉಪನದಿಗಳಲ್ಲಿಯೂ ಹೀಗೆಯೇ, ಹೇಮಾವತಿಗೆ ಮಂದಗೆರೆ, ಹೇಮಗಿರಿ ಮತ್ತು ಅಕ್ಕಿಹೆಬ್ಬಾಳಿನ ಕಟ್ಟೆಗಳಿವೆ, ಲಕ್ಷ್ಮಣತೀರ್ಥಕ್ಕೆ ಹನಗೋಡಿನ ಕಟ್ಟೆಯಿದೆ. ನಮ್ಮ ಮಕ್ಕಳಿಗೆ ಕೆ.ಆರ್.ಎಸ್. ಗೊತ್ತು, ಬೃಂದಾವನ ಗೊತ್ತು. ಮನೆಯ ಹಿಂದೆ ಹರಿಯುವ ನಾಲೆ ಮುನ್ನೂರು ವರ್ಷದ್ದು ಎಂಬುದು ಗೊತ್ತಿಲ್ಲ. ಬಲಮುರಿಗೆ ಹೋಗಿ ಜಲಪಾತದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಕಟ್ಟೆಯ ನೆತ್ತಿಯಿಂದ ಉರುಳುವ ನೀರು, ಮನುಷ್ಯರು ಕಲ್ಲು ಜೋಡಿಸಿ ಮಾಡಿದ ಜಲಪಾತ ಎಂಬುದು ತಿಳಿದಿಲ್ಲ. ಆದ್ದರಿಂದ ಸದಸ್ಯರಲ್ಲಿ ನನ್ನ ಬೇಡಿಕೆ ಇಷ್ಟು: ನಿಮ್ಮ ಊರಿನ ಕಟ್ಟೆ, ನಾಲೆ, ತೂಬುಗಳ ಬಗ್ಗೆ ಗೊತ್ತಿರುವುದನ್ನು ಇಲ್ಲಿ ಬರೆಯಿರಿ.

ಮಂಡ್ಯದ ನಿವೃತ್ತ ಎಂಜಿನಿಯರ್

ಮೇಷ್ಟ್ರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ಹಳೆಯ ಕಟ್ಟೆಗೂ ಇಂದಿನ ಜಲಾಶಯಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಚರ್ಚೆಯಲ್ಲಿ ಇವೆರಡೂ ಬೆರೆತುಹೋಗುತ್ತವೆ. ಹಳೆಯ ಕಟ್ಟೆ ನೀರನ್ನು ಕೂಡಿಡುವುದಿಲ್ಲ. ಹೊಳೆಯ ತಳದಲ್ಲಿ ಬಂಡೆ ಮೇಲೆದ್ದಿರುವ ಜಾಗವನ್ನು ನೋಡಿ, ಅಲ್ಲಿ ದಪ್ಪ ಕಲ್ಲುಗಳನ್ನು ಜೋಡಿಸಿ, ನೀರಿನ ಮಟ್ಟವನ್ನು ಕೆಲವು ಅಡಿ ಎತ್ತರಿಸಿ, ಪಕ್ಕದ ನಾಲೆಯ ಬಾಯಿಗೆ ಹರಿಯುವಂತೆ ಮಾಡುವುದಷ್ಟೇ ಅದರ ಕೆಲಸ. ಮಿಕ್ಕ ನೀರು ಕಟ್ಟೆಯ ಮೇಲೆಯೇ ಹಾಯ್ದು ಮುಂದೆ ಹೋಗುತ್ತದೆ.

ಹೊಳೆಗೆ ನೇರ ಅಡ್ಡಲಾಗಿ ಕಟ್ಟದೆ ಓರೆಯಾಗಿ ಕಟ್ಟಿದ್ದರಲ್ಲಿ ಹಳಬರ ಜಾಣ್ಮೆ ಕಾಣುತ್ತದೆ. ಓರೆಯಾಗಿ ಕಟ್ಟಿದರೆ ಕಟ್ಟೆಯ ಉದ್ದ ಹೆಚ್ಚುತ್ತದೆ. ಉದ್ದ ಹೆಚ್ಚಿದಷ್ಟೂ ಪ್ರವಾಹದ ನೀರು ತೆಳುವಾಗಿ ಹರಡಿಕೊಂಡು ಹಾಯುತ್ತದೆ, ಕಲ್ಲಿನ ಮೇಲೆ ಬೀಳುವ ಒತ್ತಡ ಕಡಿಮೆಯಾಗುತ್ತದೆ, ಹಾಗೆಯೇ ಹರಿವು ತಾನಾಗಿ ನಾಲೆಯ ಬಾಯಿಯ ಕಡೆಗೆ ತಿರುಗುತ್ತದೆ. ಸಿಮೆಂಟಿಲ್ಲದ ಕಾಲದಲ್ಲಿ, ಆಷಾಢದ ಹೊಳೆಯ ಎದುರಿಗೆ ಇಷ್ಟು ಶತಮಾನ ನಿಂತ ಕಟ್ಟಡಗಳು ಇವು. ಕಲ್ಲು ಕಿತ್ತು ಹೋದದ್ದಿಲ್ಲವೆಂದಲ್ಲ. ಕಿತ್ತು ಹೋದಾಗ ಬೇಸಿಗೆಯಲ್ಲಿ ಮತ್ತೆ ಜೋಡಿಸುತ್ತಿದ್ದರು, ದುರಸ್ತಿಗೆ ಬೇಕಾದ ಕಲ್ಲೂ ಜನವೂ ಹತ್ತಿರದಲ್ಲೇ ಇರುತ್ತಿದ್ದರು.

ನಾಲೆಗಳ ಜಾಡನ್ನು ಗಮನಿಸಿ. ಅವು ಎಲ್ಲಿಯೂ ನೇರವಾಗಿ ಓಡುವುದಿಲ್ಲ. ನೆಲದ ಮಟ್ಟವನ್ನು ಹಿಡಿದು, ದಿಬ್ಬ ಬಂದಲ್ಲಿ ಬಳಸಿ, ಹಳ್ಳ ಬಂದಲ್ಲಿ ಒಳಸರಿದು ಹೋಗುತ್ತವೆ. ನಾಲೆಗೂ ಹೊಳೆಗೂ ನಡುವೆ ಸಿಕ್ಕಿದ ಬಯಲೆಲ್ಲ ಅಚ್ಚುಕಟ್ಟು. ಮಟ್ಟ ಅಳೆಯುವ ಇಂದಿನ ಉಪಕರಣಗಳಿಲ್ಲದೆ ಹತ್ತಾರು ಮೈಲಿ ಉದ್ದಕ್ಕೂ ಆ ಇಳಿಜಾರನ್ನು ಕಾಯ್ದುಕೊಂಡ ಕೈಗಳ ಬಗ್ಗೆ ನನಗೆ ಅಪಾರವಾದ ಗೌರವವಿದೆ.

ಪಾಲಹಳ್ಳಿಯ ರೈತ

ನಮ್ಮ ಗದ್ದೆಗೆ ನೀರು ಬರುವುದು ವಿರಿಜಾ ನಾಲೆಯಿಂದ. ನಮ್ಮ ಹಿರಿಯರು ಕೆ.ಆರ್.ಎಸ್. ಕಟ್ಟುವುದಕ್ಕೆ ಮೊದಲೇ ಭತ್ತವನ್ನೂ ಕಬ್ಬನ್ನೂ ಬೆಳೆಯುತ್ತಿದ್ದರು ಎಂದು ಹೇಳಿದರೆ ಮಂಡ್ಯದ ಕಡೆಯ ನೆಂಟರು ನಂಬುವುದಿಲ್ಲ. ಅದಕ್ಕೆ ನಮ್ಮೂರಿನಲ್ಲಿಯೇ ದೊಡ್ಡ ಸಾಕ್ಷಿಯಿದೆ. 1847ರಲ್ಲಿ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಸುತ್ತಲಿನ ಆಲೆಮನೆಗಳಿಂದ ಬೆಲ್ಲವನ್ನು ಕೊಂಡು ಅದನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುತ್ತಿದ್ದ ಕಾರ್ಖಾನೆ ಅದು. ಅಲ್ಲಿನ ಸಕ್ಕರೆಗೆ ಲಂಡನ್ನಿನ 1851ರ ಮಹಾ ವಸ್ತುಪ್ರದರ್ಶನದಲ್ಲಿ ಪದಕವೂ ಬಂದಿತ್ತು. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕೂ ಎಂಬತ್ತಾರು ವರ್ಷ ಮೊದಲು ಒಂದು ಕಾರ್ಖಾನೆ ನಡೆಯುವಷ್ಟು ಬೆಲ್ಲ ಈ ಬಯಲಿನಲ್ಲಿ ಸಿಗುತ್ತಿತ್ತು ಎಂದರೆ, ಚಿಕ್ಕದೇವರಾಯನ ಕಾಲದ ನಾಲೆಗಳು ಎಷ್ಟು ಕಬ್ಬಿಗೆ ನೀರು ಕೊಟ್ಟಿರಬೇಕು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಹೊಲದ ಮೇಲ್ಭಾಗದಲ್ಲಿ ಹಳೆಯ ತೂಬೊಂದಿತ್ತು. ಎರಡು ನಿಲುಗಲ್ಲುಗಳ ಒಳಮೈಯಲ್ಲಿ ಉದ್ದಕ್ಕೆ ಕಡೆದ ಸಾಲುಗಳು. ಆ ಸಾಲಿನೊಳಗೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸಂದಿಗೆ ಹುಲ್ಲು ಮತ್ತು ಜೇಡಿಮಣ್ಣು ಮೆತ್ತಿ ನೀರು ನಿಲ್ಲಿಸುತ್ತಿದ್ದರು. ಎಷ್ಟು ಹಲಗೆ ತೆಗೆದರೆ ಎಷ್ಟು ಗದ್ದೆಗೆ ಎಷ್ಟು ಹೊತ್ತಿಗೆ ನೀರು ತುಂಬುತ್ತದೆ ಎಂಬ ಲೆಕ್ಕ ಗದ್ದೆಗಳಿಗೆ ನೀರು ಬಿಡುವ ನಮ್ಮ ಸೌಡಿಯ ತಲೆಯಲ್ಲಿತ್ತು. ಹಲಗೆಯ ಉಜ್ಜಾಟಕ್ಕೆ ಆ ಕಲ್ಲಿನ ಸಾಲು ಎಷ್ಟು ನುಣುಪಾಗಿತ್ತೆಂದರೆ ಬೆರಳಿಟ್ಟರೆ ಜಾರುತ್ತಿತ್ತು. ನಾಲೆಗೆ ಕಾಂಕ್ರೀಟ್ ಹಾಕುವಾಗ ಆ ಕಲ್ಲುಗಳನ್ನು ಕಿತ್ತು ಒಡೆದು ಅಡಿಪಾಯಕ್ಕೆ ತುಂಬಿದರು. ಯಾರೂ ಒಂದು ಫೋಟೋ ತೆಗೆದುಕೊಳ್ಳಲಿಲ್ಲ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ಶಾಸನದ ಮಾತು ಬಂದದ್ದರಿಂದ ಅದರಲ್ಲಿ ಏನಿದೆ ಎಂಬುದನ್ನು ಹೇಳುವುದು ಒಳ್ಳೆಯದು, ಏಕೆಂದರೆ ಜಗಳವಾಡುವವರಲ್ಲಿ ಅದನ್ನು ಓದಿದವರು ಕಡಿಮೆ. ಕನ್ನಂಬಾಡಿಯ ಕೆಲಸ ನಡೆಯುವಾಗ ಸಿಕ್ಕಿದ ಆ ಪಾರಸಿ ಶಾಸನವನ್ನು ಅಣೆಕಟ್ಟೆಯ ಪ್ರವೇಶದ ಬಳಿ ನಿಲ್ಲಿಸಲಾಗಿದೆ. ಅದು ಟಿಪ್ಪುವಿನ ಆಳ್ವಿಕೆಯ ಕೊನೆಯ ವರ್ಷಗಳದು. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದಕ್ಕೆ ಅಡಿಪಾಯ ಹಾಕಿದ್ದನ್ನು ಅದು ಹೇಳುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಈ ಕಟ್ಟೆಯ ನೀರಿನಿಂದ ಯಾರು ಹೊಸದಾಗಿ ಬೇಸಾಯ ಮಾಡುತ್ತಾರೋ ಅವರಿಂದ ಬೇರೆ ರೈತರು ಕೊಡುವ ಕಂದಾಯದ ಮುಕ್ಕಾಲು ಪಾಲನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು, ಕಾಲು ಪಾಲನ್ನು ದೇವರ ಹೆಸರಿನಲ್ಲಿ ಬಿಡತಕ್ಕದ್ದು, ಭೂಮಿ ಅವರ ವಂಶಪಾರಂಪರ್ಯವಾಗಿ ಉಳಿಯತಕ್ಕದ್ದು ಎಂಬ ಮಾತು ಅದರಲ್ಲಿದೆ.

ಅಂದರೆ ಕಟ್ಟೆ ಹಾಕುವುದಷ್ಟೇ ಅಲ್ಲ, ಕಟ್ಟೆಯ ಕೆಳಗೆ ಬೇಸಾಯಕ್ಕೆ ಜನರನ್ನು ಕರೆತರುವುದು ಹೇಗೆ ಎಂಬ ಯೋಚನೆಯೂ ಆಗಲೇ ಇತ್ತು. ಆ ಕಟ್ಟೆ ಮೇಲೇಳಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1911ರಲ್ಲಿ ಆರಂಭವಾದ ಕೆಲಸ ಬೇರೆ ಲೆಕ್ಕಾಚಾರದ, ಬೇರೆ ಗಾತ್ರದ, ಬೇರೆ ಉದ್ದೇಶಗಳ ಕೆಲಸ. ಒಂದನ್ನು ಒಪ್ಪಿಕೊಂಡರೆ ಇನ್ನೊಂದು ಸಣ್ಣದಾಗುತ್ತದೆ ಎಂದು ಏಕೆ ತಿಳಿಯಬೇಕು? ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಜಾಗದ ಕೆಳಗೆ ಕಟ್ಟೆ ಹಾಕಬೇಕು ಎಂಬುದು ಹೊಳೆಯನ್ನು ಬಲ್ಲ ಯಾರಿಗಾದರೂ ಹೊಳೆಯುವ ಮಾತು. ಅದು ಇಬ್ಬರಿಗೆ, ನೂರು ವರ್ಷದ ಅಂತರದಲ್ಲಿ ಹೊಳೆದಿದೆ.

ಶ್ರೀರಂಗಪಟ್ಟಣದ ಮೇಷ್ಟ್ರು

ನೀವು ಹೇಳಿದ್ದು ಸರಿಯಮ್ಮ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಲಿನವರು ಕಟ್ಟೆ ಹಾಕಿದರೆ ಕೆಳಗಿನವರು ಕಳವಳಪಡುವುದೂ ಹೊಸದಲ್ಲ. ಮಧುರೆಯನ್ನು ರಾಣಿ ಮಂಗಮ್ಮಾಳ್ ಆಳುತ್ತಿದ್ದಾಗ, 1700ರ ಆಸುಪಾಸಿನಲ್ಲಿ, ಚಿಕ್ಕದೇವರಾಜರು ಕಾವೇರಿಗೆ ಹಾಕಿಸಿದ ಕಟ್ಟೆಯಿಂದ ತಂಜಾವೂರಿನ ಕಡೆಗೆ ನೀರು ಹೋಗದಂತಾಯಿತೆಂದೂ, ಮಧುರೆ ಮತ್ತು ತಂಜಾವೂರಿನವರು ಕೂಡಿ ದಂಡೆತ್ತಲು ಸಿದ್ಧರಾದರೆಂದೂ, ಅಷ್ಟರಲ್ಲಿ ದೊಡ್ಡ ಮಳೆ ಬಂದು ಹೊಳೆಯೇ ಆ ಕಟ್ಟೆಯನ್ನು ಒಡೆದುಹಾಕಿತೆಂದೂ ಮಧುರೆಯ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಕಾವೇರಿ ನೀರಿನ ಬಗ್ಗೆ ಮೈಸೂರು ಮತ್ತು ಮದ್ರಾಸಿನ ನಡುವೆ ಆದ 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2018ರ ಸುಪ್ರೀಂ ಕೋರ್ಟ್ ತೀರ್ಪು ಇವೆಲ್ಲವನ್ನೂ ಓದುವಾಗ ಈ ಹಿಂದಿನ ಕಥೆಯೂ ಮನಸ್ಸಿನಲ್ಲಿರಬೇಕು.

ತಲಕಾಡು ಕಡೆಯ ಓದುಗ

ನಮ್ಮ ಮಾಧವಮಂತ್ರಿ ಕಟ್ಟೆಯನ್ನು ಮೊದಲ ಸಾಲಿನಲ್ಲಿಯೇ ನೆನೆದದ್ದಕ್ಕೆ ಮೇಷ್ಟ್ರಿಗೆ ವಂದನೆ. ತಲಕಾಡು ಎಂದಕೂಡಲೇ ಎಲ್ಲರೂ ಅಲಮೇಲಮ್ಮನ ಶಾಪವನ್ನು ಹೇಳುತ್ತಾರೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂಬುದು ನಮ್ಮ ಮನೆಮನೆಯ ಮಾತು. ಆದರೆ ಮರಳಿಗೂ ಕಟ್ಟೆಗೂ ಸಂಬಂಧವಿರಬಹುದು ಎಂದು ವಾದಿಸುವ ಸಂಶೋಧಕರಿದ್ದಾರೆ. ಹೊಳೆ ಇಲ್ಲಿ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಕಟ್ಟೆ ಹಾಕಿದ ಮೇಲೆ ಬೇಸಿಗೆಯಲ್ಲಿ ಅದರ ಕೆಳಗಿನ ಪಾತ್ರದಲ್ಲಿ ನೀರು ತೆಳ್ಳಗಾಗಿ, ಮರಳಿನ ಹಾಸು ಬಯಲಿಗೆ ಬಿದ್ದು, ನೈಋತ್ಯದ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿದಿರಬಹುದು ಎಂಬುದು ಅವರ ತರ್ಕ. ಶಾಪದ ಕಥೆಯ ಕಾಲವಾದ 17ನೇ ಶತಮಾನದ ಆರಂಭಕ್ಕಿಂತ ಕಟ್ಟೆ ಹಳೆಯದು ಎಂಬುದು ಆ ತರ್ಕಕ್ಕೆ ಒದಗಿಬರುತ್ತದೆ.

ನಾನು ಶಾಪವನ್ನು ಅಲ್ಲಗಳೆಯಲು ಇದನ್ನು ಬರೆಯುತ್ತಿಲ್ಲ. ನಮ್ಮ ಊರಿನಲ್ಲಿ ಒಂದೇ ಕಟ್ಟೆಯ ಒಂದು ಬದಿಗೆ ಆರುನೂರು ವರ್ಷದಿಂದ ಭತ್ತ ಬೆಳೆಯುತ್ತಿದೆ, ಇನ್ನೊಂದು ಕಡೆ ದೇವಾಲಯಗಳು ಮರಳಿನಡಿ ಹೂತುಹೋಗಿವೆ. ಪಂಚಲಿಂಗ ದರ್ಶನಕ್ಕೆ ಬರುವ ಯಾತ್ರಿಕರು ಮರಳನ್ನು ನೋಡಿ ಹೋಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಕಟ್ಟೆಯನ್ನು ನೋಡಲು ಯಾರೂ ಬರುವುದಿಲ್ಲ. ಒಂದು ಸರಿಯಾದ ಫಲಕವೂ ಅಲ್ಲಿಲ್ಲ.

ಮದ್ದೂರಿನ ಕೊನೆಭಾಗದ ರೈತ

ಎಲ್ಲರಿಗೂ ನಮಸ್ಕಾರ. ನೀವು ಹಳೆಯ ಕಟ್ಟೆಗಳನ್ನು ಹೊಗಳುವುದು ಸರಿ, ಆದರೆ ಅವೆಲ್ಲ ಹೊಳೆಯ ದಂಡೆಯವರ ಭಾಗ್ಯ. ನಮ್ಮ ಮದ್ದೂರು, ಮಳವಳ್ಳಿ, ಮಂಡ್ಯದ ಬಯಲಿಗೆ ಆ ನಾಲೆಗಳು ಹತ್ತಲಿಲ್ಲ. ನಮ್ಮದು ಕೆರೆ ತುಂಬಿದರೆ ಭತ್ತ, ಇಲ್ಲವಾದರೆ ರಾಗಿ, ಅದೂ ಇಲ್ಲವಾದರೆ ಬರ ಎಂಬ ಸೀಮೆ. ಕನ್ನಂಬಾಡಿಯಿಂದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಬಂದ ಮೇಲೆಯೇ ಇಲ್ಲಿ ಹಸಿರು ಬಂದದ್ದು. ಹುಲಿಕೆರೆಯ ಬಳಿ ಒಂದೂಮುಕ್ಕಾಲು ಮೈಲಿ ಉದ್ದದ ಸುರಂಗ ಕೊರೆದು, ಗುಡ್ಡದ ಆಚೆಯಿದ್ದ ನೀರನ್ನು ಈಚೆಗೆ ತಂದ ಕೆಲಸವನ್ನು ಯಾವ ಹಳೆಯ ದೊರೆಯೂ ಮಾಡಲು ಸಾಧ್ಯವಿರಲಿಲ್ಲ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಹೆಸರನ್ನು ನಮ್ಮ ಹಿರಿಯರು ಕೈಮುಗಿದು ಹೇಳುತ್ತಿದ್ದರು. 1939ರಲ್ಲಿ ಮಂಡ್ಯ ಒಂದು ಜಿಲ್ಲೆಯಾದದ್ದಕ್ಕೂ ಈ ನಾಲೆಯೇ ಕಾರಣವೆಂದು ನಾನು ನಂಬಿದ್ದೇನೆ. ಆದ್ದರಿಂದ ಕನ್ನಂಬಾಡಿಯ ದೊಡ್ಡತನಕ್ಕೆ ಈ ಚರ್ಚೆಯಲ್ಲಿ ಕುಂದು ಬರಬಾರದು.

ಹಾಗೆಂದು ನಾಲೆ ಬಂದ ಕಥೆಯೆಲ್ಲ ಸುಖದ್ದಲ್ಲ. ಭತ್ತ, ಕಬ್ಬು ಮತ್ತು ಕಡಿಮೆ ನೀರಿನ ಅರೆಖುಷ್ಕಿ ಬೆಳೆಗಳನ್ನು ಸರದಿಯಲ್ಲಿ ಹಾಕಬೇಕೆಂಬ ಬ್ಲಾಕ್ ಪದ್ಧತಿಯನ್ನು ತಂದರು. ನೀರು ಬಂದ ಜಮೀನಿಗೆ ಕಾಂಟ್ರಿಬ್ಯೂಷನ್ ಎಂಬ ಹಣ ಕಟ್ಟಬೇಕೆಂದರು. ಬೆಲೆ ಕುಸಿದಿದ್ದ ಕಾಲದಲ್ಲಿ ಅದು ಹೊರಲಾರದ ಹೊರೆಯಾಗಿ, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ರೈತರು ಚಳವಳಿಗೆ ಇಳಿದರು. ನಿಂತ ನೀರಿನಿಂದ ಮಲೇರಿಯಾ ಬಂತು. ಮನೆಗೊಬ್ಬರು ಚಳಿಜ್ವರದಲ್ಲಿ ಮಲಗಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇಂದಿನ ಮಾತು ಹೇಳಬೇಕೆಂದರೆ, ಕಟ್ಟೆ ತುಂಬಿ ಬಾಗಿನ ಅರ್ಪಿಸಿದ ವರ್ಷವೂ ಕೊನೆಭಾಗದ ನಮ್ಮ ಗದ್ದೆಗೆ ಸಸಿಮಡಿಯ ಹೊತ್ತಿಗೆ ನೀರು ತಲಪುವ ಖಾತರಿಯಿಲ್ಲ. ಮೇಲ್ಭಾಗದವರು ಬೇಸಿಗೆ ಭತ್ತ ಹಾಕಿದರೆ ನಮ್ಮ ಕಾಲುವೆಯಲ್ಲಿ ಹುಲ್ಲು ಬೆಳೆಯುತ್ತದೆ. ನಾಲೆಯ ಚರಿತ್ರೆ ಬರೆಯುವವರು ನಾಲೆಯ ಬಾಯಿಯಲ್ಲಿ ನಿಂತು ಬರೆಯುತ್ತಾರೆ. ಅದರ ಬಾಲದ ಕಡೆಗೂ ಒಮ್ಮೆ ಬರಲಿ.

ಮಂಡ್ಯದ ನಿವೃತ್ತ ಎಂಜಿನಿಯರ್

ಮದ್ದೂರಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಳೆಯ ಕಟ್ಟೆಗಳನ್ನು ನೆನೆಯುವುದರಿಂದ ಕನ್ನಂಬಾಡಿ ಕುಗ್ಗುವುದಿಲ್ಲ. ಬದಲಾಗಿ ಅದು ಏಕೆ ಬೇಕಾಯಿತು ಎಂಬುದು ಅರ್ಥವಾಗುತ್ತದೆ. ಹಳೆಯ ನಾಲೆಗಳಿಗೆ ಹೊಳೆಯಲ್ಲಿ ಹರಿವಿರುವ ತನಕ ಮಾತ್ರ ನೀರು. ಸಂಕ್ರಾಂತಿ ಕಳೆದ ಮೇಲೆ ಹೊಳೆ ಸೊರಗಿದರೆ ಕಟ್ಟೆಯೇನೂ ಮಾಡಲಾರದು. ಅದೇ ಕೊರತೆ ಇನ್ನೊಂದು ಕಡೆಯಿಂದಲೂ ಬಾಧಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಡಲಾರಂಭಿಸಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಗಣಿಯವರ ಬೇಡಿಕೆ ಬೆಳೆಯಿತು, ಆದರೆ ಬೇಸಿಗೆಯಲ್ಲಿ ಹೊಳೆ ಇಳಿದರೆ ಯಂತ್ರ ತಿರುಗಿಸಲು ನೀರು ಸಾಲುತ್ತಿರಲಿಲ್ಲ. ಮಳೆಗಾಲದ ನೀರನ್ನು ಕೂಡಿಟ್ಟು ವರ್ಷವಿಡೀ ಬಿಡುವ ಜಲಾಶಯವಿಲ್ಲದೆ ಗದ್ದೆಗೂ ಗತಿಯಿಲ್ಲ, ವಿದ್ಯುತ್ತಿಗೂ ಗತಿಯಿಲ್ಲ ಎಂಬ ಸ್ಥಿತಿಯಲ್ಲಿ 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಈ ಯೋಜನೆಯನ್ನು ಮಂಡಿಸಿದರು.

ಅದು ಸುಲಭವಾಗಿ ಆದ ಕೆಲಸವಲ್ಲ. ಮದ್ರಾಸು ಸರ್ಕಾರಕ್ಕೆ ಮೆಟ್ಟೂರಿನಲ್ಲಿ ತನ್ನದೇ ಯೋಜನೆಯಿತ್ತು. ಅದು ಮೊದಲು 11 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಂಗ್ರಹದ ಸಣ್ಣ ಕಟ್ಟೆಗೆ ಮಾತ್ರ ಒಪ್ಪಿತು. ಮೈಸೂರು ಆ ಮಿತಿಗೆ ಒಪ್ಪಿದರೂ ಮುಂದೆ ಎತ್ತರಿಸಲು ಬೇಕಾದಷ್ಟು ಅಗಲದ ಅಡಿಪಾಯವನ್ನೇ ಹಾಕಿತು. ಇದನ್ನು ದೂರದೃಷ್ಟಿ ಎನ್ನಿ, ಹಟ ಎನ್ನಿ, ಆ ಅಗಲವಾದ ಅಡಿಪಾಯವಿಲ್ಲದಿದ್ದರೆ ಇಂದಿನ ಕನ್ನಂಬಾಡಿಯಿಲ್ಲ. ವಿವಾದ ಮಧ್ಯಸ್ಥಿಕೆಗೆ ಹೋಗಿ 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಅವರ ತೀರ್ಪು ಬಂತು. ಮದ್ರಾಸು ಅದನ್ನು ಒಪ್ಪದೆ ಮೇಲ್ಮನವಿ ಹೋಯಿತು. ಕಡೆಗೆ 1924ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ವಿಶ್ವೇಶ್ವರಯ್ಯನವರು 1918ರಲ್ಲಿಯೇ ದಿವಾನಗಿರಿ ಬಿಟ್ಟಿದ್ದರು. ಅವರ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಸರು ಉಳಿಯದ ಎಂಜಿನಿಯರುಗಳೂ, ಓವರ್‌ಸಿಯರುಗಳೂ, ಸಾವಿರಾರು ಕಲ್ಲುಕುಟಿಗರೂ ಕೂಲಿಗಳೂ ಕೆಲಸ ಮಾಡಿ ಅದನ್ನು ಮುಗಿಸಿದರು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಅಣೆಕಟ್ಟೆ ಅದು, 124.80 ಅಡಿಯ ಮಟ್ಟಕ್ಕೆ 49.45 ಟಿಎಂಸಿ ನೀರನ್ನು ಹಿಡಿಯುತ್ತದೆ.

ಮೇಷ್ಟ್ರ ಮಾತಿಗೆ ಇದನ್ನೂ ಸೇರಿಸಬೇಕು: ಕೆ.ಆರ್.ಎಸ್. ಬಂದ ಮೇಲೆ ಹಳೆಯ ಕಟ್ಟೆಗಳು ಬೇಡವಾಗಲಿಲ್ಲ. ಜಲಾಶಯದಿಂದ ಹೊಳೆಗೆ ಬಿಟ್ಟ ನೀರನ್ನು ಹಿಡಿದು ಗದ್ದೆಗೆ ತಿರುಗಿಸುವುದು ಇಂದಿಗೂ ಆ ಕಟ್ಟೆಗಳೇ. ಚಿಕ್ಕದೇವರಾಯನ ಕಾಲದ ನಾಲೆಗೆ ಬೇಸಿಗೆಯಲ್ಲಿಯೂ ನೀರು ಸಿಗುವಂತಾದದ್ದು ಕನ್ನಂಬಾಡಿಯಿಂದ.

ಹೊಸ ಕನ್ನಂಬಾಡಿಯ ಮನೆಮಗಳು

ಇಷ್ಟು ಹೊತ್ತು ಎಲ್ಲರ ಬರಹವನ್ನೂ ಓದಿದೆ. ಗದ್ದೆಯ ಮಾತಾಯಿತು, ವಿದ್ಯುತ್ತಿನ ಮಾತಾಯಿತು, ಒಪ್ಪಂದಗಳ ಮಾತಾಯಿತು. ನೀರಿನಡಿ ಹೋದ ಊರುಗಳ ಮಾತನ್ನು ಯಾರೂ ಆಡಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕನ್ನಂಬಾಡಿ ಎಂಬುದು ಅಣೆಕಟ್ಟೆಯ ಹೆಸರಾಗುವ ಮೊದಲು ಒಂದು ಊರಿನ ಹೆಸರಾಗಿತ್ತು. ಅಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವಿತ್ತು, ಹೊಳೆಯ ದಂಡೆಯ ಫಲವತ್ತಾದ ಗದ್ದೆಗಳಿದ್ದವು, ಅವುಗಳಿಗೂ ಸಣ್ಣ ಕಾಲುವೆಗಳಿದ್ದವು. ಸುತ್ತಲಿನ ಹಲವು ಹಳ್ಳಿಗಳ ಜನ ಮನೆಮಠ ಬಿಟ್ಟು ಮೇಲಿನ ದಿಣ್ಣೆಗಳಿಗೆ ಬಂದರು. ಹೊಸ ಕನ್ನಂಬಾಡಿ, ಹೊಸ ಉಂಡವಾಡಿ ಎಂಬ ಹೆಸರುಗಳಿರುವ ಕಡೆಯೆಲ್ಲ ಈ ಕಥೆಯಿದೆ.

ನಮ್ಮ ಮನೆಯ ಮುಂಬಾಗಿಲಿನ ವಾಡ, ಅಂದರೆ ಬಾಗಿಲಿನ ಚೌಕಟ್ಟು, ಹಳೆಯೂರಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಹಲಸಿನ ಮರದ್ದು, ಮೇಲಿನ ಅಡ್ಡಪಟ್ಟಿಯಲ್ಲಿ ಗಜಲಕ್ಷ್ಮಿಯಿದೆ, ಎರಡೂ ಬದಿಗೆ ಬಳ್ಳಿಯ ಕೆತ್ತನೆಯಿದೆ. ಹೊಸ ಮನೆಯ ಗೋಡೆ ಹಳೆಯದರಷ್ಟು ಎತ್ತರವಿಲ್ಲದ್ದರಿಂದ ವಾಡದ ಬುಡವನ್ನು ಒಂದು ಗೇಣಿನಷ್ಟು ನೆಲಕ್ಕೆ ಹೂತಿದ್ದಾರೆ; ಬಳ್ಳಿಯ ಬೇರಿನ ಭಾಗ ಮಣ್ಣಿನೊಳಗೆ ಹೋಗಿಬಿಟ್ಟಿದೆ. ಹಬ್ಬದ ದಿನ ಹೊಸ್ತಿಲಿಗೆ ಅರಿಶಿನ ಹಚ್ಚುವಾಗ ನಮ್ಮ ಅತ್ತೆಯವರು ಹಳೆಯೂರಿನ ಬೀದಿಗಳ ಹೆಸರನ್ನು ಹೇಳುತ್ತಿದ್ದರು; ಅವರೂ ಆ ಬೀದಿಗಳನ್ನು ಕಂಡವರಲ್ಲ, ತಮ್ಮ ಅತ್ತೆಯಿಂದ ಕೇಳಿದವರು. ಬರಗಾಲದಲ್ಲಿ ನೀರಿಳಿದಾಗ ದೇವಾಲಯ ಕಾಣುತ್ತಿತ್ತು, ಜನ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಆಮೇಲೆ ಖೋಡೇ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಬಿಚ್ಚಿ ತಂದು ಹಿನ್ನೀರಿನ ದಂಡೆಯ ಮೇಲೆ ಮತ್ತೆ ಕಟ್ಟಿದರು. ಈಗ ಅಲ್ಲಿಗೆ ಪ್ರವಾಸಿಗರು ತುಂಬಿ ಬರುತ್ತಾರೆ. ದೇವರಿಗೆ ಮನೆ ಸಿಕ್ಕಿತು, ಸಂತೋಷ. ಆದರೆ ಮುಳುಗಿದ ಊರುಗಳ ಹೆಸರುಗಳನ್ನೆಲ್ಲ ಒಂದು ಕಲ್ಲಿನ ಮೇಲೆ ಬರೆದು ಅಲ್ಲಿ ನಿಲ್ಲಿಸಬೇಕೆಂಬುದು ನನ್ನ ಆಸೆ. ಕಬಿನಿಗೆ ಬೀಚನಹಳ್ಳಿಯಲ್ಲಿ, ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟೆ ಕಟ್ಟಿದಾಗಲೂ ಜನ ಹೀಗೆಯೇ ಎದ್ದು ಹೋದರು. ಅವರ ಮನೆಗಳಲ್ಲಿಯೂ ಇಂಥ ವಾಡಗಳಿರಬೇಕು.

ಪಾಲಹಳ್ಳಿಯ ರೈತ

ಅಕ್ಕಾ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ನಾವು ಕುಡಿಯುವ, ಗದ್ದೆಗೆ ಹಾಯಿಸುವ ನೀರು ನಿಮ್ಮ ಊರಿನ ಮೇಲೆ ನಿಂತ ನೀರು ಎಂಬುದನ್ನು ನಮ್ಮಲ್ಲಿ ಯಾರೂ ಮಕ್ಕಳಿಗೆ ಹೇಳಿಕೊಟ್ಟಿಲ್ಲ. ಕಲ್ಲು ನಿಲ್ಲಿಸುವ ಕೆಲಸಕ್ಕೆ ನಮ್ಮ ಊರಿನವರೂ ಕೈ ಜೋಡಿಸುತ್ತೇವೆ.

ಎಂಜಿನಿಯರ್ ಸಾಹೇಬರಲ್ಲಿ ಒಂದು ಪ್ರಶ್ನೆ. ನಾಲೆಗೆ ಕಾಂಕ್ರೀಟ್ ಹಾಕಿದ ಮೇಲೆ ನಮ್ಮ ಪಕ್ಕದ ಬಾವಿಗಳ ನೀರು ಇಳಿದಿದೆ, ನಾಲೆಯ ಏರಿಯ ಮೇಲಿನ ಹೊಂಗೆ, ಮತ್ತಿ ಮರಗಳೂ ಒಣಗುತ್ತಿವೆ. ಇದಕ್ಕೆ ಕಾಂಕ್ರೀಟೇ ಕಾರಣವೇ?

ಮಂಡ್ಯದ ನಿವೃತ್ತ ಎಂಜಿನಿಯರ್

ಬಹುಮಟ್ಟಿಗೆ ಅದೇ ಕಾರಣ. ಮಣ್ಣಿನ ನಾಲೆಯಲ್ಲಿ ಹರಿಯುವ ನೀರಿನ ಒಂದು ದೊಡ್ಡ ಪಾಲು ತಳದಿಂದಲೂ ಬದಿಯಿಂದಲೂ ಜಿನುಗುತ್ತದೆ. ಇಲಾಖೆಯ ಲೆಕ್ಕದಲ್ಲಿ ಅದು ನಷ್ಟ. ಬಾವಿಯ ಲೆಕ್ಕದಲ್ಲಿ ಅದೇ ಜಮೆ. ಕಾಂಕ್ರೀಟ್ ಹಾಕಿದರೆ ಆ ಜಿನುಗು ನಿಂತು ನೀರು ಬೇಗ ಮುಂದೆ ಓಡುತ್ತದೆ, ಮದ್ದೂರಿನಂಥ ಕೊನೆಭಾಗದವರಿಗೆ ತಲಪುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಅದನ್ನು ತಪ್ಪು ಕೆಲಸವೆಂದು ನಾನು ಹೇಳಲಾರೆ. ಆದರೆ ಅದೇ ಕೆಲಸವನ್ನು ಮಾಡುವಾಗ ಹಳೆಯ ತೂಬುಗಳನ್ನೂ, ಸೋಪಾನಗಳನ್ನೂ, ಕಲ್ಲಿನ ಮೇಲ್ಗಾಲುವೆಗಳನ್ನೂ ಕಸದಂತೆ ಕಾಣುವುದು ತಪ್ಪು. ಅಂದಾಜುಪಟ್ಟಿ ತಯಾರಿಸುವಾಗಲೇ ಅವುಗಳ ಅಳತೆ, ಚಿತ್ರ, ಜಾಗವನ್ನು ಗುರುತು ಹಾಕಿಕೊಂಡು, ಸಾಧ್ಯವಿದ್ದಲ್ಲಿ ಪಕ್ಕಕ್ಕೆ ತೆಗೆದಿರಿಸಬೇಕೆಂಬ ಒಂದು ನಿಯಮವಿದ್ದರೆ ಸಾಕು. ಅದಕ್ಕೆ ಆಗುವ ಖರ್ಚು ಕಾಮಗಾರಿಯ ಮೊತ್ತದ ಮುಂದೆ ಏನೂ ಅಲ್ಲ.

ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ

ನಗರದಲ್ಲಿರುವವರಿಗೂ ಇದರಲ್ಲಿ ಪಾಲಿದೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಲು ಆರಂಭಿಸಿದ ನಾಲೆ ಉದ್ದೇಶಿಸಿದಂತೆ ನಗರಕ್ಕೆ ಹೊಳೆಯ ನೀರನ್ನು ತರಲಿಲ್ಲ. ಮುಂದೆ ಅದರ ಒಂದು ಭಾಗ ಮಳೆಯ ನೀರನ್ನು ಹೊತ್ತು ಕುಕ್ಕರಹಳ್ಳಿ ಕೆರೆಯನ್ನು ತುಂಬಿಸುವ ಕಾಲುವೆಯಾಗಿ ಉಳಿಯಿತು. ಇಂದು ಪೂರ್ಣಯ್ಯ ನಾಲೆಯ ಜಾಡು ಹಲವು ಕಡೆ ಬಡಾವಣೆಗಳ ನಡುವೆ ಕಳೆದುಹೋಗಿದೆ, ಕೆಲವು ಕಡೆ ಚರಂಡಿಯಾಗಿದೆ. 1804ರಲ್ಲಿ ಅವರೇ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು ಎಲ್ಲರೂ ಬಲ್ಲರು. ನಾಲೆಗೆ ಆ ಭಾಗ್ಯ ಬರಲಿಲ್ಲ. ಹಳೆಯ ಕಂದಾಯ ನಕ್ಷೆಗಳನ್ನು ಇಟ್ಟುಕೊಂಡು ಅದರ ಜಾಡನ್ನು ಗುರುತಿಸುವ ಕೆಲಸವನ್ನು ನಾನು ಮತ್ತು ನನ್ನ ಗೆಳತಿಯರು ಮಾಡಲು ಸಿದ್ಧರಿದ್ದೇವೆ.

ಶ್ರೀರಂಗಪಟ್ಟಣದ ಮೇಷ್ಟ್ರು

ಇಷ್ಟು ಸಂಗತಿಗಳು ಒಂದೆಡೆ ಸೇರಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಹೊಸ ಕನ್ನಂಬಾಡಿಯ ತಾಯಿ ಹೇಳಿದ ಊರುಗಳ ಪಟ್ಟಿಯನ್ನು ಮೊದಲು ಕೈಗೆತ್ತಿಕೊಳ್ಳೋಣ. ಅದನ್ನು ಬಲ್ಲ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ, ಕಟ್ಟೆಗಳಾದರೋ ಇನ್ನೂ ಕೆಲವು ಕಾಲ ನಿಂತಿರುತ್ತವೆ. ಹೊಸ ಎಂಬ ಹೆಸರಿನ ಊರುಗಳಲ್ಲಿ ನೆಂಟರಿರುವವರು ಹಳೆಯ ಊರಿನ ಹೆಸರು, ಅಲ್ಲಿದ್ದ ದೇವರು, ಎದ್ದು ಬಂದ ಮನೆತನಗಳು ಈಗ ಇರುವ ಜಾಗ, ಇಷ್ಟನ್ನು ಕೇಳಿ ಬರೆದುಕೊಳ್ಳಲಿ. ಬೀದಿಗಳ ಹೆಸರು ನೆನಪಿರುವವರಿದ್ದರೆ ಅದನ್ನೂ ಬಿಡಬೇಡಿ.

ಕಟ್ಟೆಗಳ ಮಟ್ಟಿಗೆ ಬೇಸಿಗೆಯಲ್ಲಿ ಹೊಳೆ ಇಳಿದಾಗ ಮಾತ್ರ ಕಲ್ಲಿನ ಜೋಡಣೆ ಕಾಣುವುದರಿಂದ, ಆ ಕಾಲಕ್ಕೆ ಬಲಮುರಿ ಮತ್ತು ಮಡದಕಟ್ಟೆಗಳನ್ನು ನಾನು ನೋಡಿಕೊಳ್ಳುತ್ತೇನೆ. ಮಾಧವಮಂತ್ರಿ ಕಟ್ಟೆಯನ್ನು ತಲಕಾಡಿನವರು ವಹಿಸಿಕೊಳ್ಳಲಿ. ಪಾಲಹಳ್ಳಿಯವರ ತೂಬಿನಂತೆ ಇನ್ನೂ ಉಳಿದಿರುವ ತೂಬುಗಳು ಯಾವ ನಾಲೆಯಲ್ಲಿವೆ ಎಂಬುದನ್ನು, ಕಾಮಗಾರಿ ಆರಂಭವಾಗುವ ಮೊದಲೇ, ರೈತರು ಇಲ್ಲಿ ತಿಳಿಸಬೇಕು. ಹೇಮಾವತಿಯ ಮಂದಗೆರೆ, ಅಕ್ಕಿಹೆಬ್ಬಾಳಿನ ಕಡೆಯಿಂದ ಇದುವರೆಗೆ ಯಾರೂ ಬರೆದಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಸದಸ್ಯರ ಬರಹಕ್ಕಾಗಿ ಕಾಯುತ್ತಿದ್ದೇನೆ.